ಕೊನೇ ಗುಟುಕು ಎಷ್ಟು ಗಂಟೆಗೆ?

"ಕುಡೀತಾರೇನು?" ಎಂದು ಕೇಳಿದರೆ ಮನೆಯವರದ್ದು ಒಂದೇ ಉತ್ತರ: "ಏ ಇಲ್ರೀ ಸಾಹೇಬ್ರ, ಹಬ್ಬ ಹುಣ್ಣಿವಿಗೆ ಅಷ್ಟ." ಧಾರವಾಡದಲ್ಲಿ ಮನೋವೈದ್ಯನಾಗಿ ಕೂತ ಇಷ್ಟು ವರ್ಷದಲ್ಲಿ ಈ 'ಅಷ್ಟ' ಕೊಟ್ಟಷ್ಟು ಕಾಟ ಯಾವ ರೋಗವೂ ಕೊಟ್ಟಿಲ್ಲ.

ಬ್ಯಾಡಗಿ ಮೆಣಸಿನಕಾಯಿ ಪೇಟೆಯ ಹಮಾಲರೊಬ್ಬರು ಕಾಲು ಮುರಿದುಕೊಂಡು ಭಾನುವಾರ ರಾತ್ರಿ ಆಸ್ಪತ್ರೆ ಸೇರಿದ್ದರು. ಸೋಮವಾರ ಕೈ ನಡುಗಿತು, ಬೆವರಿದರು. ಆಪರೇಷನ್ ಹೆದರಿಕೆ ಇರಬೇಕು ಎಂದು ಅಲ್ಲಿನವರು ಅಂದುಕೊಂಡರಂತೆ. ಬುಧವಾರ ರಾತ್ರಿ ನನಗೆ ಕರೆ ಬಂತು. ಹೋಗಿ ನೋಡಿದರೆ, ಮಂಚದ ಮೇಲೆ ಕೂತು, ಹೊದಿಕೆಯ ಅಂಚನ್ನು ಎಡಗೈಲಿ ಮುದ್ದೆ ಮಾಡಿ ಹಿಡಿದು, ಬಲಗೈಲಿ ಇಲ್ಲದ ದಬ್ಬಣ ಎಳೆಯುತ್ತಿದ್ದರು. ಹೊಲಿಗೆ ಮುಗಿದ ಮೇಲೆ ಹಲ್ಲಿನಿಂದ ದಾರವನ್ನೂ ಕಡಿದರು. "ಚೀಲಾ ಹೊಲ್ಯಾಕತ್ತಾರ್ರೀ," ಎಂದರು ಹೆಂಡತಿ. ಆಮೇಲೆ ಮೆಲ್ಲಗೆ, "ದಿನಾ ಎರಡು ಕ್ವಾರ್ಟರ್ ರೀ." ಈ ಮಾತು ಭಾನುವಾರವೇ ಬರಬಾರದಿತ್ತೇ? ಅವರು ಉಳಿದರು, ಅದೃಷ್ಟ. ಸುಮ್ನೆ ಬಿಟ್ಟಿದ್ದರೆ ಜೀವಕ್ಕೇ ಅಪಾಯವಿತ್ತು.

ದಿನಾ ಜಾಸ್ತಿ ಕುಡಿಯುವವರ ಮಿದುಳು ಹೆಂಡದ ಮಂಪರಿಗೆ ಎದುರಾಗಿ ಜಗ್ಗುವುದನ್ನು ಕಲಿತಿರುತ್ತದೆ. ಹಗ್ಗ ಜಗ್ಗುವಾಗ ಆ ಕಡೆಯವರು ಪಟ್ಟನೆ ಬಿಟ್ಟರೆ ಈ ಕಡೆಯವರು ಬೀಳ್ತಾರಲ್ಲ, ಕುಡಿತ ಪಟ್ಟನೆ ನಿಂತಾಗಲೂ ಹಾಗೆ. ಕೊನೇ ಗುಟುಕಿನಿಂದ ಲೆಕ್ಕ ಹಾಕಿದರೆ, ನಡುಕ ಸಾಮಾನ್ಯವಾಗಿ 6ರಿಂದ 8 ತಾಸಿನಲ್ಲಿ ಶುರು. ಫಿಟ್ಸ್ ಬರುವುದಾದರೆ ಹೆಚ್ಚಾಗಿ 48 ಗಂಟೆಯೊಳಗೆ. ದಿಕ್ಕು ತಪ್ಪಿ ಮಾತಾಡುವುದು, ಇಲ್ಲದ್ದನ್ನು ಕಾಣುವುದು 48ರಿಂದ 96 ಗಂಟೆಯ ನಡುವೆ. ಅಂದರೆ "ಎರಡು ದಿನ ಕಳೀತು, ಪಾರಾದ" ಎಂದು ಮನೆಯವರು ನಿಟ್ಟುಸಿರು ಬಿಡುವ ಹೊತ್ತಿಗೇ ಅದು ಬರುತ್ತದೆ. ಇನ್ನೊಮ್ಮೆ ಹೇಳ್ತೀನಿ: ಮೊದಲ ದಿನ ಆರಾಮ ಇದ್ದರೆ ಮೂರನೇ ದಿನವೂ ಆರಾಮ ಎಂದಲ್ಲ. ಕುಡಿಯುವವರೆಲ್ಲರಿಗೂ ಹೀಗಾಗುವುದಿಲ್ಲ, ನಿಜ. ಆದರೆ ಹಿಂದೆ ಬಿಟ್ಟಾಗ ಫಿಟ್ಸ್ ಬಂದವರನ್ನು ಮನೆಯಲ್ಲಿ ಬಿಡಿಸಲು ಹೋಗಬೇಡಿ.

ಸಿದ್ಧಾರೂಢ ಮಠಕ್ಕೆ ಕರೆದೊಯ್ದು ಆಣೆ ಮಾಡಿಸುತ್ತಾರೆ. ಮಾಡಿಸಲಿ, ನನ್ನ ತಕರಾರಿಲ್ಲ. ಆಣೆಗೆ ಮೊದಲು ಒಮ್ಮೆ ಡಾಕ್ಟರ ಹತ್ತಿರ ಬನ್ನಿ ಅಷ್ಟೇ. "ಸಲಾಯಿನ್ ಹಚ್ಚಿಸಿದ್ರ ಆತು" ಅನ್ನುವವರೂ ಇದ್ದಾರೆ. ಬಿ1 ಜೀವಸತ್ವ ಕೊಡದೆ ಬರೀ ಗ್ಲೂಕೋಸ್ ಏರಿಸಿದರೆ ಮಿದುಳಿಗೆ ಹಾನಿಯಾಗುವ ಭಯವಿದೆ.

ಕುಡಿತ ಬಿಡಿಸುವಾಗ ಕೊಡುವ ಔಷಧದ ಬಗ್ಗೆ 1994ರಲ್ಲಿ ಅಮೆರಿಕದಲ್ಲಿ 101 ರೋಗಿಗಳ ಮೇಲೆ ಒಂದು ಅಧ್ಯಯನ ನಡೆಯಿತು. ಗಂಟೆ ನೋಡಿ ಮಾತ್ರೆ ಕೊಟ್ಟವರಿಗೆ ಚಿಕಿತ್ಸೆ 68 ಗಂಟೆ ಹಿಡಿಯಿತು, ಲಕ್ಷಣ ನೋಡಿ ಕೊಟ್ಟವರಿಗೆ 9 ಗಂಟೆ ಸಾಕಾಯಿತು. ಚೆಂದದ ಫಲಿತಾಂಶ. ಆದರೆ ಹಿಂದೆ ಫಿಟ್ಸ್ ಬಂದವರು ಅದರಲ್ಲಿರಲಿಲ್ಲ. ಮೇಲಾಗಿ, ತಾಸಿಗೊಮ್ಮೆ ನಡುಕ, ಬೆವರು ನೋಡಿ ಅಂಕ ಹಾಕಲು ಒಬ್ಬ ಸಿಸ್ಟರ್ ಬೇಕು. ನಮ್ಮ ವಾರ್ಡುಗಳಲ್ಲಿ ರಾತ್ರಿ ಎರಡಕ್ಕೆ ಅವರು ಸಿಗಬೇಕಲ್ಲ! ಹಾಗಾಗಿ ನಾನು ಇನ್ನೂ ಬಹಳ ಜನರಿಗೆ ಗಂಟೆಯ ಲೆಕ್ಕದಲ್ಲೇ ಕೊಡ್ತೀನಿ.

ಅಫೀಮು ಜಾತಿಯ ಮಾದಕಗಳದ್ದು ಉಲ್ಟಾ. ಬಿಟ್ಟಾಗ ಹೊರಳಾಡ್ತಾರೆ, ವಾಂತಿ ಭೇದಿ, ನೋಡಲಾಗದು. ನೀರಿನಂಶ ಕಾಯ್ದುಕೊಂಡರೆ ಅದರಿಂದಲೇ ಸಾಯುವುದು ಅಪರೂಪ. ಅಪಾಯ ಆಮೇಲೆ. ದೇಹ ರೂಢಿ ಮರೆತಿರುತ್ತದೆ, ಹಳೇ ಪ್ರಮಾಣವನ್ನೇ ತಗೊಂಡರೆ ಉಸಿರು ನಿಲ್ಲಬಹುದು.

ಈಗ ನಾನು "ಕುಡೀತಾರೇನು" ಎಂದು ಕೇಳುವುದನ್ನೇ ಬಿಟ್ಟಿದ್ದೇನೆ. ಸೀದಾ, "ಕೊನೇ ಗುಟುಕು ಎಷ್ಟು ಗಂಟೆಗೆ?" ತಮ್ಮ ಆರಕ್ಕೆ ಅಂತಾನೆ, ಹೆಂಡತಿ ಒಂಬತ್ತಕ್ಕೆ ಅಂತಾಳೆ, ಅಲ್ಲೇ ಜಗಳ. ಆಡಲಿ ಬಿಡಿ. ಗಂಟೆ ಸಿಕ್ಕಿತಲ್ಲ.