ಗಾಳಿಯ ಅಂಕಿ ಓದುವ ಮುನ್ನ ಕೇಳಬೇಕಾದ ಪ್ರಶ್ನೆಗಳು

‘ಬೆಂಗಳೂರಿನ ಗಾಳಿ ಮೊದಲಿಗಿಂತ ಕೆಟ್ಟಿದೆಯಾ, ಸುಧಾರಿಸಿದೆಯಾ?’ ಗಾಳಿಯ ಅಂಕಿಅಂಶಗಳ ಜೊತೆ ಕೆಲಸ ಮಾಡುವ ನನಗೆ ಅತಿ ಹೆಚ್ಚು ಎದುರಾಗುವ ಪ್ರಶ್ನೆ ಇದು. ಇಷ್ಟು ವರ್ಷಗಳಿಂದ ಅಳೆಯುತ್ತಿದ್ದಾರಲ್ಲ, ಒಂದು ಗ್ರಾಫ್ ಹಾಕಿದರೆ ಗೊತ್ತಾಗಲ್ವಾ ಅಂತ ಕೇಳುತ್ತಾರೆ. ತೊಂದರೆ ಏನೆಂದರೆ, ಆ ಗ್ರಾಫಿನಲ್ಲಿ ಒಂದೇ ಗೆರೆಯಾಗಿ ಕಾಣುವುದು ಬೇರೆ ಬೇರೆ ಕಾಲದ, ಬೇರೆ ಬೇರೆ ಅಳತೆಗಳ ತುಂಡುಗಳು.

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ನಡೆಸುವ ರಾಷ್ಟ್ರಮಟ್ಟದ ಗಾಳಿ ಅಳತೆಯ ಜಾಲ ಶುರುವಾದದ್ದು 1984ರಲ್ಲಿ, ಉತ್ತರ ಪ್ರದೇಶದ ಆಗ್ರಾ ಮತ್ತು ಅನ್ಪಾರಾದ ಏಳು ಕೇಂದ್ರಗಳಿಂದ. ಆಗ ತೂಗುತ್ತಿದ್ದದ್ದು ಗಾಳಿಯಲ್ಲಿ ತೇಲುವ ಒಟ್ಟು ಧೂಳು, ಅಂದರೆ ಎಸ್‌ಪಿಎಂ. ರಸ್ತೆಯ ದಪ್ಪ ಮಣ್ಣೂ ಅದರಲ್ಲಿ ಸೇರಿರುತ್ತಿತ್ತು. ಆಮೇಲೆ ಉಸಿರಿನ ಜೊತೆ ಒಳಗೆ ಹೋಗುವ ಪಿಎಂ 10 ಕಡೆಗೆ, ಅಂದರೆ 10 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ) ಅಥವಾ ಅದಕ್ಕಿಂತ ಸಣ್ಣ ಕಣಗಳ ಕಡೆಗೆ ಗಮನ ಬಂತು. 2009ರಲ್ಲಿ ರಾಷ್ಟ್ರೀಯ ಮಾನದಂಡ ಬದಲಾದಾಗ ಎಸ್‌ಪಿಎಂ ಹೋಯಿತು, ಪಿಎಂ 2.5 ಬಂತು. 2.5 ಮೈಕ್ರಾನ್ ಅಥವಾ ಅದಕ್ಕಿಂತ ಸಣ್ಣದಾದ, ಶ್ವಾಸಕೋಶದ ಆಳಕ್ಕೆ ಇಳಿಯುವ ಕಣ ಇದೇ. ಹಾಗಾಗಿ 1990ರ ದಶಕದ ಎಸ್‌ಪಿಎಂ ಅಂಕಿಯನ್ನು ಇಂದಿನ ಪಿಎಂ 2.5ರ ಪಕ್ಕ ಇಟ್ಟು ‘ನೋಡಿ, ಎಷ್ಟು ಇಳಿದಿದೆ’ ಎಂದರೆ ಅದಕ್ಕೆ ಅರ್ಥವೇ ಇಲ್ಲ.

ಅಳೆಯುವ ರೀತಿಯೂ ಬದಲಾಗಿದೆ. ಕೈಯಿಂದ ನಡೆಸುವ ಕೇಂದ್ರದಲ್ಲಿ ಪಂಪು ಗಾಳಿಯನ್ನು ಫಿಲ್ಟರ್ ಪೇಪರ್ ಮೂಲಕ ಎಳೆಯುತ್ತದೆ. ಪೇಪರನ್ನು ಮೊದಲೂ ಆಮೇಲೂ ತೂಗಿ, ವ್ಯತ್ಯಾಸದಿಂದ ಧೂಳಿನ ಲೆಕ್ಕ ತೆಗೆಯುತ್ತಾರೆ. ಮಳೆಗಾಲದಲ್ಲಿ ಇಲ್ಲಿ ಭಾರೀ ಎಚ್ಚರ ಬೇಕು. ತೇವ ಹೀರಿದ ಪೇಪರ್ ಧೂಳಿಲ್ಲದೆಯೂ ಭಾರ ತೋರಿಸುತ್ತದೆ. ಅದಕ್ಕೇ ತೂಗುವ ಮುನ್ನ ತೇವ ಕಡಿಮೆಯಿರುವ ಜಾಗದಲ್ಲಿಟ್ಟು ಒಣಗಿಸುತ್ತಾರೆ. ಈ ಅಳತೆ ವಾರಕ್ಕೆ ಎರಡು ದಿನ, ವರ್ಷಕ್ಕೆ 104 ದಿನ ನಡೆಯಬೇಕೆಂಬುದು ನಿಯಮ. ಈಗಿನ ಸ್ವಯಂಚಾಲಿತ ಯಂತ್ರ ಟೇಪಿನ ಮೇಲೆ ಕೂತ ಧೂಳಿನ ಮೂಲಕ ಬೀಟಾ ಕಿರಣ ಹಾಯಿಸಿ, ಅದು ಎಷ್ಟು ಕುಂದಿತು ಎಂಬುದರಿಂದ ಗಂಟೆಗಂಟೆಗೂ ಅಂಕಿ ಕೊಡುತ್ತದೆ. ಎರಡೂ ಒಳ್ಳೆಯ ವಿಧಾನಗಳೇ. ಆದರೆ ಒಂದರ ಅಂಕಿ ಮುಗಿದಲ್ಲಿಗೆ ಇನ್ನೊಂದರ ಅಂಕಿಯನ್ನು ಸುಮ್ನೆ ಅಂಟಿಸಬಾರದು.

ನನಗೆ ಹೆಚ್ಚು ಚಿಂತೆ ಹುಟ್ಟಿಸುವುದು ‘ನಗರದ ಸರಾಸರಿ’. ಲೆಕ್ಕಕ್ಕೆಂದು ಒಂದು ಊರು ಊಹಿಸಿಕೊಳ್ಳಿ. ದೊಡ್ಡ ರಸ್ತೆಗಳ ಪಕ್ಕ ಮೂರು ಕೇಂದ್ರಗಳಿವೆ, ಮೂರರಲ್ಲೂ ಒಂದು ಘನ ಮೀಟರ್ ಗಾಳಿಯಲ್ಲಿ 60 ಮೈಕ್ರೋಗ್ರಾಂ ಧೂಳು. ಮರುವರ್ಷ ಮರಗಳಿರುವ ಬಡಾವಣೆಗಳಲ್ಲಿ ಇನ್ನೂ ಮೂರು ಕೇಂದ್ರ ಇಟ್ಟರು, ಅಲ್ಲಿ 30. ಸರಾಸರಿ 45ಕ್ಕೆ ಇಳಿಯಿತು. ಒಂದು ಗ್ರಾಂ ಧೂಳೂ ಕಡಿಮೆಯಾಗಿಲ್ಲ! ಬೆಂಗಳೂರಿನಲ್ಲೂ ಪೀಣ್ಯದ ಗಾಳಿ ಬೇರೆ, ಜಯನಗರದ್ದು ಬೇರೆ, ಸಿಲ್ಕ್ ಬೋರ್ಡ್ ಜಂಕ್ಷನ್‌ನದ್ದು ಇನ್ನೂ ಬೇರೆ. ಅದಕ್ಕೇ ನಾನು ಪ್ರತಿ ಕೇಂದ್ರವನ್ನೂ ಅದರದೇ ಹಳೆಯ ದಾಖಲೆಯ ಜೊತೆ ಮಾತ್ರ ಹೋಲಿಸುತ್ತೇನೆ. ಅದೂ ಜನವರಿಯನ್ನು ಜನವರಿಯ ಜೊತೆಗೇ. ಮುಂಗಾರು ಮಳೆ ಗಾಳಿಯನ್ನು ತೊಳೆಯುತ್ತದೆ, ಚಳಿಗಾಲದ ಬೆಳಗ್ಗೆ ಹೊಗೆ ಮೇಲೇಳದೆ ನೆಲದ ಹತ್ತಿರವೇ ನಿಲ್ಲುತ್ತದೆ. ಚಳಿಗಾಲದಲ್ಲಿ ಯಂತ್ರ ಕೆಟ್ಟು ಎರಡು ತಿಂಗಳ ಅಂಕಿ ಬಿಟ್ಟುಹೋದರೆ, ಆ ಇಡೀ ವರ್ಷ ಇದ್ದದ್ದಕ್ಕಿಂತ ಶುಭ್ರವಾಗಿ ಕಾಣುತ್ತದೆ.

ಇನ್ನು 2020. ಲಾಕ್‌ಡೌನ್ ಶುರುವಾದದ್ದು ಮಾರ್ಚ್ 25ಕ್ಕೆ. ಸಲ್ಫರ್ ಅಂಶವನ್ನು ಹತ್ತು ಲಕ್ಷದಲ್ಲಿ 50 ಭಾಗದಿಂದ 10ಕ್ಕೆ ಇಳಿಸಿದ ಬಿಎಸ್-6 (ಭಾರತ್ ಸ್ಟೇಜ್ 6 ಮಾನದಂಡದ) ಇಂಧನ ದೇಶದಾದ್ಯಂತ ಜಾರಿಯಾದದ್ದು ಏಪ್ರಿಲ್ 1ಕ್ಕೆ. ನಡುವೆ ಒಂದೇ ವಾರ. ಆ ಬೇಸಿಗೆಯ ಇಳಿಕೆಯಲ್ಲಿ ಇಂಧನದ ಪಾಲೆಷ್ಟು, ಖಾಲಿ ರಸ್ತೆಯ ಪಾಲೆಷ್ಟು ಎಂದು ಆ ತಿಂಗಳುಗಳನ್ನೇ ನೋಡಿ ಬಿಡಿಸಲು ಆಗುವುದಿಲ್ಲ. ಜನಜೀವನ ಸಹಜಕ್ಕೆ ಮರಳಿದ ಮೇಲಿನ ವರ್ಷಗಳನ್ನು 2020ಕ್ಕಿಂತ ಹಿಂದಿನ ವರ್ಷಗಳ ಜೊತೆ, ಮಳೆ ಗಾಳಿಯ ಲೆಕ್ಕವನ್ನೂ ಹಿಡಿದು, ಕೇಂದ್ರವಾರು ಹೋಲಿಸಬೇಕು. ಅದಕ್ಕೆ ಹಿಂದಿನ ದಾಖಲೆ ಗಟ್ಟಿಯಾಗಿರಬೇಕು, ಅಲ್ವಾ?

ಈ ಗಟ್ಟಿತನದ ಮೇಲೆ ಹಣ ಮತ್ತು ನೀತಿ ಎರಡೂ ನಿಂತಿವೆ. 2019ರಲ್ಲಿ ಶುರುವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ನಮ್ಮ ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ದಾವಣಗೆರೆ, ಕಲಬುರಗಿ ಇವೆ. ಗುರಿ ಇರುವುದು ಶೇಕಡಾ ಲೆಕ್ಕದಲ್ಲಿ, ಅಂದರೆ ಒಂದು ಆಧಾರ ವರ್ಷಕ್ಕೆ ಹೋಲಿಸಿದರೆ ಧೂಳು ಶೇಕಡಾ ಎಷ್ಟು ಇಳಿಯಬೇಕು ಎಂದು. ಆಧಾರ ವರ್ಷದ ಅಂಕಿ ಕೆಲವೇ ದಿನಗಳ ಅಳತೆಯಾಗಿದ್ದರೆ ಇಡೀ ಶೇಕಡಾವಾರು ಅಲುಗಾಡುತ್ತದೆ. ಬೆಂಗಳೂರಿನಷ್ಟು ಕೇಂದ್ರಗಳಿಲ್ಲದ ಊರುಗಳಿಗೆ ಈ ಅಪಾಯ ಜಾಸ್ತಿ.

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಸ್ವಯಂಚಾಲಿತ ಕೇಂದ್ರಗಳ ಅಂಕಿಗಳನ್ನು ಎಲ್ಲರಿಗೂ ತೆರೆದಿಟ್ಟಿದೆ. ಅದು ದೊಡ್ಡ ಕೆಲಸ. ಅದರ ಜೊತೆಗೆ ಪ್ರತಿ ಕೇಂದ್ರದ ದಿನಚರಿಯೂ ಸಿಗಬೇಕು: ಯಂತ್ರ ಯಾವಾಗ ಬದಲಾಯಿತು, ಪಕ್ಕದಲ್ಲಿ ಮೆಟ್ರೊ ಕಾಮಗಾರಿ ಯಾವಾಗ ಶುರುವಾಯಿತು, ಎದುರಿನ ರಸ್ತೆಗೆ ಯಾವಾಗ ಡಾಂಬರು ಬಿತ್ತು. ಕೇಂದ್ರವನ್ನು ಸ್ಥಳಾಂತರಿಸಲೇಬೇಕಾದರೆ ಹಳೆಯದನ್ನು ಕೂಡಲೇ ಮುಚ್ಚಬೇಡಿ. ಹಳೆಯದೂ ಹೊಸದೂ ಕನಿಷ್ಠ ಒಂದು ವರ್ಷ, ಎಲ್ಲ ಕಾಲಗಳೂ ಬಂದು ಹೋಗುವಷ್ಟು, ಒಟ್ಟಿಗೆ ನಡೆಯಲಿ. ಆಗ ಎರಡು ದಾಖಲೆಗಳನ್ನು ಎಲ್ಲಿ, ಹೇಗೆ ಜೋಡಿಸಬೇಕು ಎಂಬುದು ಮುಂದಿನವರಿಗೆ ಗೊತ್ತಾಗುತ್ತದೆ.