ಎಂಟು ಎಲೆಕ್ಟ್ರಾನ್‌ಗಳ ನಿಯಮ ಮತ್ತು ಜಡಾನಿಲಗಳು

ಹೊರಕವಚದಲ್ಲಿ 8 ಎಲೆಕ್ಟ್ರಾನ್ ತುಂಬಿದರೆ ಪರಮಾಣು ತೃಪ್ತ. ಆಮೇಲೆ ಯಾರ ಸಹವಾಸವೂ ಬೇಡ. ಹೈಸ್ಕೂಲಿನಲ್ಲಿ ನಾವೆಲ್ಲ ಬಾಯಿಪಾಠ ಮಾಡಿದ್ದು ಇದನ್ನೇ ಅಲ್ವಾ? ಆರ್ಗಾನ್, ಕ್ಸೆನಾನ್‌ನಂಥ ಜಡಾನಿಲಗಳಲ್ಲಿ ಆ 8 ಮೊದಲೇ ತುಂಬಿರುತ್ತದೆ. ಆದರೆ ಪಿಯುಸಿಗೆ ಬಂದರೆ ಕ್ಸೆನಾನ್ ಫ್ಲೋರಿನ್ ಜೊತೆ ಸೇರಿದ ಕ್ಸೆನಾನ್ ಟೆಟ್ರಾಫ್ಲೋರೈಡ್ ಎದುರಾಗುತ್ತದೆ. ಗೊಂದಲ ಶುರುವಾಗುವುದೇ ಅಲ್ಲಿ.

1894ರಲ್ಲಿ ಆರ್ಗಾನ್ ಸಿಕ್ಕಿತು. ಎಲ್ಲದರ ಮೇಲೂ ಎರಗುವ ಫ್ಲೋರಿನ್ ಜೊತೆ ಅದನ್ನು ಸೇರಿಸಲು ಪ್ಯಾರಿಸ್‌ನಲ್ಲಿ ರಸಾಯನಶಾಸ್ತ್ರಜ್ಞ ಮೊಯ್ಸಾನ್ ಪ್ರಯತ್ನಿಸಿದರು. ಆಗಲಿಲ್ಲ. ತಮಾಷೆ ನೋಡಿ, ಕೆಲವೇ ವರ್ಷಗಳಲ್ಲಿ ಅದೇ ಮೊಯ್ಸಾನ್ ಸಹೋದ್ಯೋಗಿ ಲೆಬೋ ಜೊತೆ ಸಲ್ಫರ್ ಹೆಕ್ಸಾಫ್ಲೋರೈಡ್ ತಯಾರಿಸಿದರು. ಅದರಲ್ಲಿ ಗಂಧಕಕ್ಕೆ 6 ಬಂಧ, ಅಂದರೆ ಬಂಧಕ್ಕೆ 2ರಂತೆ ಎಣಿಕೆಗೆ 12 ಎಲೆಕ್ಟ್ರಾನ್. ನಿಯಮ ಹುಟ್ಟುವ ಮೊದಲೇ ಅಪವಾದ ಸೀಸೆಯಲ್ಲಿತ್ತು!

1916ರಲ್ಲಿ ಅಮೆರಿಕದ ಲೂಯಿಸ್, ಜರ್ಮನಿಯ ಕೊಸೆಲ್ ಬೇರೆ ಬೇರೆಯಾಗಿ ಈ 8ರ ಲೆಕ್ಕ ಮುಂದಿಟ್ಟರು. 1919ರಲ್ಲಿ ಲ್ಯಾಂಗ್‌ಮ್ಯೂರ್ ಅದಕ್ಕೆ 'ಆಕ್ಟೆಟ್' ಎಂದು ಹೆಸರಿಟ್ಟು ಜನಪ್ರಿಯ ಮಾಡಿದರು. ಲೂಯಿಸ್ ಮಾತ್ರ 8ಕ್ಕಿಂತ ಎಲೆಕ್ಟ್ರಾನ್ ಜೋಡಿಯೇ ಮುಖ್ಯ ಎನ್ನುತ್ತಿದ್ದರು. ಪಾಠದಲ್ಲಿ ಗಟ್ಟಿಯಾಗಿ ಉಳಿದದ್ದು 8.

1933ರಲ್ಲಿ ಪಾಲಿಂಗ್, ಕ್ಸೆನಾನ್ ಮತ್ತು ಫ್ಲೋರಿನ್ ಸೇರಬಹುದು ಎಂದರು. ಅಮೆರಿಕದ ಕ್ಯಾಲ್‌ಟೆಕ್ ಸಂಸ್ಥೆಯಲ್ಲಿ ಯೋಸ್ಟ್ ಮತ್ತು ಕೇ ವಿದ್ಯುತ್ ಹಾಯಿಸಿ ನೋಡಿದರು. ಏನೂ ಸಿಗಲಿಲ್ಲ. ಮುಂದಿನ ಸುಮಾರು 30 ವರ್ಷ ಹೆಚ್ಚಿನವರು ಆ ಕಡೆ ತಲೆಹಾಕಲಿಲ್ಲ. ಆಗದ ಕೆಲಸಕ್ಕೆ ಯಾಕೆ ಕೈಹಾಕಬೇಕು ಅನ್ನಿಸಿರಬೇಕು.

1962ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ರಸಾಯನಶಾಸ್ತ್ರಜ್ಞ ಬಾರ್ಟ್ಲೆಟ್ ಕೈಯಲ್ಲಿ ಪ್ಲಾಟಿನಂ ಹೆಕ್ಸಾಫ್ಲೋರೈಡ್ ಇತ್ತು. ಆಮ್ಲಜನಕದ ಅಣುವಿನಿಂದಲೇ ಎಲೆಕ್ಟ್ರಾನ್ ಕಿತ್ತುಕೊಳ್ಳುವಷ್ಟು ಜೋರಿನ ಅನಿಲ ಅದು. ಪಟ್ಟಿ ತೆಗೆದು ನೋಡಿದರು. ಆಮ್ಲಜನಕದ ಅಣುವಿನಿಂದ ಒಂದು ಎಲೆಕ್ಟ್ರಾನ್ ಕೀಳಲು ಸುಮಾರು 12.1 ಎಲೆಕ್ಟ್ರಾನ್ ವೋಲ್ಟ್ ಬೇಕು. ಕ್ಸೆನಾನ್‌ಗೂ ಹೆಚ್ಚುಕಡಿಮೆ ಅಷ್ಟೇ. ಕ್ಸೆನಾನ್‌ನ ಹೊರಕವಚ ಪರಮಾಣುವಿನ ನ್ಯೂಕ್ಲಿಯಸ್‌ನಿಂದ ದೂರ, ಹಾಗಾಗಿ ಹಿಡಿತ ಸಡಿಲ. ಎರಡು ಅನಿಲಗಳ ನಡುವಿನ ತಡೆ ಒಡೆದರು. ಕೋಣೆಯ ಉಷ್ಣತೆಯಲ್ಲೇ, ಆ ಕ್ಷಣವೇ ಕ್ಸೆನಾನ್ ಸಂಯುಕ್ತದ ಹಳದಿ-ಕಿತ್ತಳೆ ಪುಡಿ ಕೂತಿತು.

ಅದೇ ವರ್ಷ ಅಮೆರಿಕದ ಆರ್ಗಾನ್ (Argonne, ಅನಿಲದ ಹೆಸರಲ್ಲ) ರಾಷ್ಟ್ರೀಯ ಪ್ರಯೋಗಾಲಯದಲ್ಲಿ ಕ್ಸೆನಾನ್ ಮತ್ತು ಫ್ಲೋರಿನ್ ಬೆರೆಸಿ 400 ಡಿಗ್ರಿಗೆ ಕಾಯಿಸಿದರು. ಕ್ಸೆನಾನ್ ಟೆಟ್ರಾಫ್ಲೋರೈಡ್‌ನ ಬಣ್ಣವಿಲ್ಲದ ಹರಳು ಬಂತು. ಕ್ಸೆನಾನ್ ಡೈಫ್ಲೋರೈಡ್‌ಗಂತೂ ಗಾಜಿನ ಬುರುಡೆಯಲ್ಲಿ ಎರಡನ್ನೂ ತುಂಬಿ ಬಿಸಿಲಿಗಿಟ್ಟರೂ ಸಾಕು ಎಂದು ಆಮೇಲೆ ಗೊತ್ತಾಯಿತು. ಮೂವತ್ತು ವರ್ಷ ಬಿಸಿಲಿಗೇನೂ ಬರ ಇರಲಿಲ್ಲ.

ಈಗಿನ ಲೆಕ್ಕಾಚಾರಗಳು ಇನ್ನೊಂದು ಗಂಟು ಬಿಡಿಸಿವೆ. ಈ ಅಣುಗಳಲ್ಲಿ ಎಲೆಕ್ಟ್ರಾನ್‌ಗಳು ಫ್ಲೋರಿನ್ ಕಡೆಗೆ ಜಾಸ್ತಿ ವಾಲಿರುತ್ತವೆ. ಗಂಧಕದ ಪಾಲಿಗೆ ನಿಜಕ್ಕೂ 12 ದಕ್ಕುವುದಿಲ್ಲ. ಆರ್ಗಾನ್ ಕೂಡ 2000ದಲ್ಲಿ ಹೆಲ್ಸಿಂಕಿಯ ಪ್ರಯೋಗಾಲಯದ ಕಡುಚಳಿಯಲ್ಲಿ ಹೈಡ್ರೋಜನ್, ಫ್ಲೋರಿನ್ ಜೊತೆ ಸೇರಿತು.