ಗೊರಸಿಗೆ ಗರಸು

ಚಳ್ಳಕೆರೆ ರಸ್ತೆ ಪಕ್ಕದಲ್ಲಿ, ಶೇಂಗಾ ಕಿತ್ತ ಹೊಲವೊಂದರಲ್ಲಿ ಕುರಿ ಮಂದೆ ಬೀಡುಬಿಟ್ಟಿತ್ತು. ಮಂದೆಯ ಅಂಚಿಗೆ ಒಂದು ಗಿಡ್ಡ ಕುದುರೆ. ಗುಡಾರ, ಪಾತ್ರೆ, ನಡೆಯಲಾರದ ಎಳೇ ಮರಿಗಳು ಎಲ್ಲ ಅದರ ಬೆನ್ನ ಮೇಲೇ ಊರಿಂದೂರಿಗೆ ಹೋಗುತ್ತವೆ. ಕಾಲಿಗೆ ಲಾಳ ಇರಲಿಲ್ಲ. ಅಜ್ಜ ಅದರ ಮುಂಗಾಲು ಎತ್ತಿ ತೊಡೆ ಮೇಲಿಟ್ಟುಕೊಂಡು, ಮೊಂಡು ಕುಡುಗೋಲಿನ ತುದಿಯಿಂದ ಸಂದಿಯ ಮಣ್ಣು ಕೆದಕುತ್ತಿದ್ದರು.

"ಯಾಕಜ್ಜ, ಲಾಳ ಕಟ್ಟಿಸಿಲ್ವಾ?" ಅಂದೆ.

"ಈ ನೆಲದಾಗೆ ಕಲ್ಲೇ ಅರ ಹಾಕ್ತೈತೆ ಬಿಡಪ್ಪ, ನಾವೇನ್ ಹಾಕೋದು" ಅಂದರು.

ಬಗ್ಗಿ ನೋಡಿದೆ. ಗೊರಸಿನ ಅಂಚು ಹಳ್ಳದ ಗುಂಡುಕಲ್ಲಿನ ಹಾಗೆ ನಯವಾಗಿ ದುಂಡಗೆ ಸವೆದಿತ್ತು. ನಡುವೆ ರಬ್ಬರಿನಂಥ ಅಗಲವಾದ ತ್ರಿಕೋನ. ಬೆರಳಲ್ಲಿ ಒತ್ತಿದರೆ ಚೂರು ಒಳಗೆ ಹೋಗಿ ಮತ್ತೆ ಉಬ್ಬುತ್ತಿತ್ತು. ಇಂಗ್ಲಿಷಿನವರು ಇದಕ್ಕೆ ಫ್ರಾಗ್ ಅನ್ನುತ್ತಾರೆ. ಕಪ್ಪೆ ಎಲ್ಲಿ ಕಂಡರೋ!

ಕುದುರೆ ಕಾಲು ಅರ್ಥವಾಗಬೇಕಾದರೆ ನಿಮ್ಮ ನಡುಬೆರಳೊಂದನ್ನೇ ಉಗುರೂರಿ ಮೇಜಿನ ಮೇಲೆ ನಿಲ್ಲಿಸಿ ನೋಡಿ. ಕುದುರೆ ನಿಲ್ಲುವುದು ಹಾಗೆಯೇ. ಪ್ರತಿ ಕಾಲಿಗೆ ಒಂದೇ ಬೆರಳು, ಆ ಬೆರಳ ತುದಿಗೆ ಒಂದು ದೊಡ್ಡ ಉಗುರು. ಮುಂಗಾಲಲ್ಲಿ ನಾವು ಮೊಣಕಾಲು ಅಂದುಕೊಳ್ಳುವ ಗಂಟು ನಿಜಕ್ಕೂ ಅದರ ಮಣಿಕಟ್ಟು. ಸುಮ್ಮನೆ ನಿಂತಾಗ ಮೈಭಾರದ ನೂರಕ್ಕೆ ಅರವತ್ತು ಪಾಲು ಬೀಳುವುದು ಮುಂದಿನ ಎರಡು ಉಗುರುಗಳ ಮೇಲೆ.

ಆದರೆ ಇದು ನಮ್ಮ ಉಗುರಿನಷ್ಟು ಸರಳವಲ್ಲ. ಹೊರಗೆ ಕಾಣುವ ಗಟ್ಟಿ ಗೋಡೆಯೊಳಗೆ ಬೆರಳಿನ ಕೊನೆಯ ಮೂಳೆ ನೇತಾಡಿಕೊಂಡಿದೆ. ಅಣಬೆ ಕೊಡೆಯ ಕೆಳಗೆ ತೆಳ್ಳನೆ ಪದರ ಇರುತ್ತವಲ್ಲ, ಗೋಡೆಯ ಒಳಮೈಯಲ್ಲೂ ಅಂಥ ಸುಮಾರು 600 ಪದರಗಳಿವೆ. ಮೂಳೆಯ ಕಡೆಯಿಂದ ಬಂದ ಅಷ್ಟೇ ಪದರಗಳು ಇವುಗಳ ಸಂದಿಯಲ್ಲಿ ಹೆಣೆದುಕೊಂಡಿವೆ. ಒಂದೊಂದು ಪದರದಲ್ಲೂ ಮತ್ತೆ ನೂರಕ್ಕೂ ಹೆಚ್ಚು ಸಣ್ಣ ಮಡಿಕೆಗಳು. ಇಡೀ ಕುದುರೆ ನಿಂತಿರುವುದು ಈ ಹೆಣಿಗೆಯ ಮೇಲೆ. ಕಾಲೂರಿದಾಗ ಗೊರಸಿನ ಹಿಂಭಾಗ ಚೂರೇ ಚೂರು ಅಗಲವಾಗುತ್ತದೆ, ಎತ್ತಿದಾಗ ಕೂಡಿಕೊಳ್ಳುತ್ತದೆ. ಈ ಒತ್ತಡಕ್ಕೆ ಒಳಗಿನ ರಕ್ತ ಮೇಲಕ್ಕೆ ಚಿಮ್ಮುತ್ತದೆ. ಪ್ರತಿ ಗೊರಸೂ ಒಂದು ಹೃದಯ ಅನ್ನುವವರಿದ್ದಾರೆ. ಅದು ಸ್ವಲ್ಪ ಜಾಸ್ತಿ ಆಯಿತು, ಆದರೆ ನಡೆದಾಡುವ ಕುದುರೆಯ ಗೊರಸಿಗೆ ರಕ್ತ ಚೆನ್ನಾಗಿ ಹರಿಯುತ್ತದೆ ಅನ್ನುವುದಂತೂ ನಿಜ.

ಅದೇ ವಾರ ದಾವಣಗೆರೆಯಲ್ಲಿ ಇನ್ನೊಂದು ಕುದುರೆ ನೋಡಿದೆ. ಬಿಳಿ ಕುದುರೆ, ಮದುವೆ ಮೆರವಣಿಗೆಯದು. ಮೈ ಫಳಫಳ. ಆದರೆ ಹಿತ್ತಲ ಶೆಡ್ಡಿಗೆ ಕಾಲಿಟ್ಟ ಕೂಡಲೇ ಕೊಳೆತ ವಾಸನೆ. ನೆಲವೆಲ್ಲ ಗಂಜಲ, ಸಗಣಿ. ಗೊರಸಿನ ಮೂತಿ ಮದುಮಗನ ಮೋಜಡಿಯ ಹಾಗೆ ಉದ್ದ ಬಂದಿತ್ತು. ನಾಲ್ಕು ತಿಂಗಳಿಂದ ಯಾರೂ ಕತ್ತರಿಸಿರಲಿಲ್ಲ. ತ್ರಿಕೋನದ ಪಕ್ಕದ ಸಂದಿಯಲ್ಲಿ ಕಪ್ಪು ಲೋಳೆ. ಗಾಳಿಯಾಡದ ಹಸಿ ಕೊಳಕಿನಲ್ಲಿ ಬೆಳೆಯುವ ಬ್ಯಾಕ್ಟೀರಿಯಾಗಳ ಕೆಲಸ ಅದು. ಭದ್ರಾ ನಾಲೆಯ ಗದ್ದೆ ಬಯಲಲ್ಲಿ ನೆಲವೇ ತೇವ, ಶೆಡ್ಡೂ ಒದ್ದೆಯಾದರೆ ಗೊರಸು ನೆನೆದ ಉಗುರಿನ ಹಾಗೆ ಮೆತ್ತಗಾಗುತ್ತದೆ.

"ಲಾಳ ಬದಲಾಯಿಸ್ಲಾ, ತೆಗೆಸ್ಲಾ, ಯಾವ್ದು ಒಳ್ಳೇದು ಸಾರ್?" ಅಂದರು ಯಜಮಾನರು.

ಬರಿಗಾಲೇ ಮೇಲು ಅಂತ ವಾದಿಸುವವರು ಈಗ ಜಾಸ್ತಿ ಆಗಿದ್ದಾರೆ. ಅವರ ಮಾತಲ್ಲಿ ಹುರುಳಿದೆ. ಲಾಳ ಹೊಡೆದರೆ ತ್ರಿಕೋನ ನೆಲದಿಂದ ಮೇಲೇಳುತ್ತದೆ, ಮೊಳೆ ಬಡಿದ ಗೋಡೆ ಅಷ್ಟಾಗಿ ಅಗಲವಾಗುವುದಿಲ್ಲ, ಟಾರಿನ ಮೇಲೆ ಕಬ್ಬಿಣ ಜಾರುತ್ತದೆ. ಆದರೆ ಲೆಕ್ಕ ಒಂದಿದೆ. ಗೊರಸು ತಿಂಗಳಿಗೆ ಬೆಳೆಯುವುದು ಸುಮಾರು 6ರಿಂದ 10 ಮಿಲಿಮೀಟರ್. ದಿನವಿಡೀ ಟಾರು ರಸ್ತೆಯಲ್ಲಿ ಹೊರೆ ಎಳೆಯುವ ಕುದುರೆಗೆ ಬೆಳೆದದ್ದಕ್ಕಿಂತ ಸವೆದದ್ದೇ ಹೆಚ್ಚಾದರೆ ಲಾಳವೋ ರಬ್ಬರ್ ಬೂಟೋ ಬೇಕೇ ಬೇಕು. ವಾರಕ್ಕೆರಡು ಮೆರವಣಿಗೆ ಮಾಡಿ ಉಳಿದ ಹೊತ್ತು ಕಟ್ಟಿಯೇ ಇರುವ ಕುದುರೆಯದು ಉಲ್ಟಾ ಕಥೆ, ಸವೆಯುವುದೇ ಇಲ್ಲ.

ಮೂತಿ ಉದ್ದವಾದರೆ ಏನಾಗುತ್ತದೆ? ಪ್ರತಿ ಹೆಜ್ಜೆಯಲ್ಲೂ ಕಾಲು ಆ ತುದಿಯ ಮೇಲೆ ಮಗುಚಿ ಏಳಬೇಕು. ಸನಿಕೆಯ ಹಿಡಿ ಉದ್ದವಾದಷ್ಟೂ ಮೀಟುವ ಬಲ ಹೆಚ್ಚಲ್ವಾ, ಇಲ್ಲಿ ಆ ಬಲ ಗೋಡೆಯನ್ನು ಮೂಳೆಯಿಂದ ಕೀಳುತ್ತದೆ, ಕಾಲ ಹಿಂದಿನ ನರವನ್ನು ಜಗ್ಗುತ್ತದೆ. ನರ ಅಂದರೆ ಇಲ್ಲಿ ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ. ಗೋಡೆ ಮತ್ತು ಅಂಗಾಲು ಕೂಡುವ ತಿಳಿಬಣ್ಣದ ಗೆರೆ ಬಿರಿದು, ಅದರೊಳಗೆ ಮರಳು ಸೇರಿ ಕೀವಾಗುತ್ತದೆ.

ಹಾಗಾಗಿ ಇಕ್ಕಳದಿಂದ ಹೆಚ್ಚಿನ ಗೋಡೆ ಕತ್ತರಿಸಿ, ಅರ ಹಾಕಿ ಅಂಚನ್ನು ದುಂಡಗೆ ಮಾಡಬೇಕು. ಕುರಿಗಾಹಿ ಅಜ್ಜನ ಕಲ್ಲು ಪುಕ್ಕಟೆ ಮಾಡಿದ ಕೆಲಸ ಇದೇ. ಬರಿಗಾಲ ಕುದುರೆಗೆ ನಾಲ್ಕರಿಂದ ಆರು ವಾರಕ್ಕೊಮ್ಮೆ ಇದಾಗಬೇಕು. ಆದರೆ ನೀಟಾಗಿ ಕಾಣಲಿ ಅಂತ ಅಂಗಾಲನ್ನೂ ತ್ರಿಕೋನವನ್ನೂ ಬೆಳ್ಳಗಾಗುವ ತನಕ ಕೆತ್ತುವವರಿದ್ದಾರೆ, ಅವರ ಕೈ ಹಿಡಿದು ನಿಲ್ಲಿಸಬೇಕು. ಅದು ಕುದುರೆಯ ಚಪ್ಪಲಿಯ ಅಟ್ಟೆ. ತೆಳುವಾದರೆ ಸಣ್ಣ ಜಲ್ಲಿಯೂ ಚುಚ್ಚುತ್ತದೆ. ಗೊರಸಿಗೆ ಗಾಡಿಯ ಹಳೇ ಆಯಿಲ್ ಬಳಿಯುವುದನ್ನೂ ಬಿಡಿ. ಹೊಳಪು ಬರುತ್ತದೆ, ಗುಣವೇನಿಲ್ಲ.

ಇನ್ನು ಮೇವು. ದಾವಣಗೆರೆ ಸೀಮೆ ಮೆಕ್ಕೆಜೋಳದ ಕಣಜ. ಮೂಟೆ ಬಿಚ್ಚಿ ಕುದುರೆ ಹೊಟ್ಟೆಬಿರಿಯೆ ತಿಂದರೆ ಪೆಟ್ಟು ಬೀಳುವುದು ಕಾಲಿಗೆ. ಕರಗದ ಪಿಷ್ಟ ದೊಡ್ಡಕರುಳಿಗೆ ಇಳಿದು ಹುಳಿಯುತ್ತದೆ, ಅಲ್ಲಿನ ಬ್ಯಾಕ್ಟೀರಿಯಾ ಸತ್ತು ವಿಷ ರಕ್ತಕ್ಕೆ ಸೇರುತ್ತದೆ, ಆ 600 ಪದರಗಳ ಹೆಣಿಗೆ ಬಿಚ್ಚತೊಡಗುತ್ತದೆ. ಮೈಭಾರಕ್ಕೆ ಒಳಗಿನ ಮೂಳೆ ತಿರುಗಿ ಅಂಗಾಲ ಕಡೆ ಇಳಿಯುತ್ತದೆ. ಕುದುರೆ ಮುಂಗಾಲು ಮುಂದಕ್ಕೆ ಚಾಚಿ ಹಿಂದಕ್ಕೆ ವಾಲಿ ನಿಂತಿದ್ದರೆ, ಗೊರಸು ಮುಟ್ಟಿದಾಗ ಬಿಸಿ ಅನ್ನಿಸಿದರೆ, ಒಂದು ಗಂಟೆಯೂ ಕಾಯಬೇಡಿ. ಪಶುವೈದ್ಯರಿಗೆ ಫೋನ್ ಮಾಡಿ, ಅವರು ಬರುವ ತನಕ ಐಸ್ ನೀರಲ್ಲಿ ಕಾಲು ನಿಲ್ಲಿಸಿ.

ಅಂತೂ ಯಜಮಾನರ ಪ್ರಶ್ನೆಗೆ ನಾನು ಕೇಳಿದ ಮರುಪ್ರಶ್ನೆ ಬೇರೆ: ದಿನಕ್ಕೆ ಇಪ್ಪತ್ತು ಗಂಟೆ ಇದು ಯಾವ ನೆಲದ ಮೇಲೆ ನಿಲ್ಲುತ್ತೆ? ಸುಮಾರು 2,400 ವರ್ಷಗಳ ಹಿಂದೆ, ಮೊಳೆ ಹೊಡೆದ ಲಾಳ ಬಳಕೆಯಲ್ಲಿಲ್ಲದ ಗ್ರೀಸ್ ದೇಶದಲ್ಲಿ ಕ್ಸೆನೊಫೋನ್ ಎಂಬ ದಂಡನಾಯಕ ಒಂದು ಉಪಾಯ ಹೇಳಿದ್ದ. ಲಾಯದ ಹೊರಗೆ ನಾಲ್ಕೈದು ಬಂಡಿ ದುಂಡುಕಲ್ಲು ಸುರಿದು, ಕುದುರೆಯನ್ನು ಅದರ ಮೇಲೆ ನಿಲ್ಲಿಸಿ ಮೈ ತಿಕ್ಕಿ ಅಂತ. ನಿಂತಲ್ಲೇ ಕಾಲು ಆಡಿಸುತ್ತಾ ಗೊರಸು ಗಟ್ಟಿಯಾಗುತ್ತದೆ.

ಯಜಮಾನರು ದುಂಡುಕಲ್ಲು ಹುಡುಕಲಿಲ್ಲ, ಒಂದು ಟ್ರ್ಯಾಕ್ಟರ್ ಗರಸು, ಅಂದರೆ ಸಣ್ಣ ಕಲ್ಲು ಬೆರೆತ ಮಣ್ಣು, ಹೊಡೆಸಿದರು. ನೀರು ನಿಲ್ಲದ ಹಾಗೆ ನೆಲಕ್ಕೆ ಚೂರು ಇಳಿಜಾರು ಕೊಟ್ಟರು. ಲಾಳ ತೆಗೆಸಿ, ಮೂತಿಯನ್ನು ಎರಡು ಕಂತಿನಲ್ಲಿ ಕತ್ತರಿಸಿದರು. ಮೊದಲ ಮೂರು ವಾರ ಕುದುರೆ ಮುಳ್ಳು ತುಳಿದ ಹಾಗೆ ನಡೆಯಿತಂತೆ, ಆಗ ಮೆರವಣಿಗೆಗೆ ಕಳಿಸಲಿಲ್ಲ. ದಿನಾ ಸಂಜೆ ಅವರ ಮಗ ಸಂದಿ ಕೆದಕುತ್ತಾನೆ.

ಎರಡು ತಿಂಗಳ ಮೇಲೆ ಹೋದೆ. ವಾಸನೆ ಇರಲಿಲ್ಲ. ಹುಡುಗ ಕೂದಲು ಮುಗಿಯುವ ಅಂಚಿನ ಕೆಳಗೆ ಬೆರಳಿಟ್ಟು ತೋರಿಸಿದ. ಬೆರಳಗಲದಷ್ಟು ಹೊಸ ಗೋಡೆ ಬಿರುಕಿಲ್ಲದೆ ಇಳಿದಿತ್ತು. ಅದರ ಕೆಳಗೆಲ್ಲ ಇನ್ನೂ ಹಳೇ ಗೊರಸೇ. "ಇದು ನೆಲ ಮುಟ್ಟೋದು ಯಾವಾಗ?" ಅಂದ. ಬೆರಳಲ್ಲೇ ಎಣಿಸಿದೆವು. ಮುಂದಿನ ವರ್ಷದ ಮದುವೆ ಸೀಸನ್ನಿಗೆ.